ತೆರೆದ ಬಾಗಿಲ ಮುಂದೆ ನಿಂತವನು

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಗ್ರಾಮಾಂತರದ ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದೆ. ಒಂದು ಸಂಜೆ ಜಪಸರ ಮುಗಿಸಿಕೊಂಡು ಗುರುನಿವಾಸಕ್ಕೆ ಮರಳುವಾಗ, ಕಚೇರಿಯ ಬಾಗಿಲ ಮುಂದೆ ನಲವತ್ತರ ಆಸುಪಾಸಿನ ಒಬ್ಬಾತ ಕೈಕಟ್ಟಿಕೊಂಡು ನಿಂತಿದ್ದ. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು, ಕುರ್ಚಿಗಳು ಖಾಲಿಯಿದ್ದವು. ಅಡುಗೆಯ ಅಮ್ಮ ಹಿತ್ತಲಿನಿಂದ ಬಂದು, "ಅರ್ಧ ಗಂಟೆಯಿಂದ ಹಂಗೇ ನಿಂತವ್ನೆ ಫಾದರ್, ಒಳಕ್ಕೆ ಬಾ ಅಂದ್ರೂ ಬರ್ಲಿಲ್ಲ" ಎಂದರು. "ಬಾಗಿಲು ತೆರೆದೇ ಇತ್ತಲ್ಲಪ್ಪಾ, ಒಳಗೆ ಕುಳಿತುಕೊಳ್ಳಬಹುದಿತ್ತು" ಎಂದೆ. ಆತ ನೆಲ ನೋಡುತ್ತಾ ಹೇಳಿದ: "ಯಾರಾದ್ರೂ ಹೇಳ್ತಾರೇನೋ ಅಂತ ಕಾಯ್ತಿದ್ದೆ ಫಾದರ್. ಅಭ್ಯಾಸ ಆಗ್ಬಿಟ್ಟಿದೆ."

ಆರು ವರ್ಷಗಳ ಕಾಲ ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿದ್ದು, ಕೊನೆಗೆ ನ್ಯಾಯಾಲಯದಿಂದ ದೋಷಮುಕ್ತನೆಂದು ಬಿಡುಗಡೆ ಹೊಂದಿ ಮನೆಗೆ ಮರಳಿದ್ದವನು ಆತ. ಆರು ವರ್ಷಗಳಲ್ಲಿ ಒಮ್ಮೆಯೂ ಆತ ತಾನಾಗಿ ಒಂದು ಬಾಗಿಲನ್ನು ತೆರೆದಿರಲಿಲ್ಲ. ಏಳುವುದು, ಸಾಲು ನಿಲ್ಲುವುದು, ಉಣ್ಣುವುದು, ಮಲಗುವುದು ಎಲ್ಲವೂ ಬೇರೆಯವರ ಅಪ್ಪಣೆಯಂತೆ ನಡೆದಿತ್ತು. ಈಗ ಮನೆಯಲ್ಲಿ ರಾತ್ರಿ ದೀಪ ಆರಿಸಿದರೆ ಅವನಿಗೆ ನಿದ್ರೆ ಬರುವುದಿಲ್ಲ. ಬ್ಯಾರಕ್ಕಿನಲ್ಲಿ ದೀಪ ಆರುತ್ತಲೇ ಇರಲಿಲ್ಲವಂತೆ. ಬೀದಿಯಲ್ಲಿ ಯಾರಾದರೂ ಕಬ್ಬಿಣದ ಗೇಟು ಎಳೆದ ಸದ್ದಾದರೆ ಥಟ್ಟನೆ ಎದ್ದು ನಿಲ್ಲುತ್ತಾನೆಂದು ಆತನ ತಾಯಿ ಅನಂತರ ನನಗೆ ತಿಳಿಸಿದರು. ಆತನ ಅನುಮತಿ ಪಡೆದೇ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಈ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಿಯ ವಾಚಕರೇ, ಆ ಸಂಜೆಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ನ್ಯಾಯಾಲಯವು ಒಬ್ಬ ಮನುಷ್ಯನನ್ನು ಸೆರೆಮನೆಗೆ ಕಳುಹಿಸಿದಾಗ ಅವನಿಂದ ಏನನ್ನು ಕಸಿದುಕೊಳ್ಳುತ್ತದೆ? ಅವನ ಸ್ವಾತಂತ್ರ್ಯವನ್ನು ಎಂದು ನಾವು ಉತ್ತರಿಸುತ್ತೇವೆ. ಇಷ್ಟು ವರ್ಷ, ಇಷ್ಟು ತಿಂಗಳು ಎಂದು ತೀರ್ಪಿನ ಹಾಳೆಯ ಮೇಲೆ ಅದಕ್ಕೆ ಅಳತೆಯೂ ಇರುತ್ತದೆ. ಆದರೆ ಅವನ ಮನಸ್ಸನ್ನು? ಅವನ ನಿದ್ರೆಯನ್ನು, ನಂಬಿಕೆಯನ್ನು, ಒಂದು ಬಾಗಿಲು ದಾಟುವ ಧೈರ್ಯವನ್ನು? ಯಾವ ನ್ಯಾಯಾಧೀಶರೂ ಅದನ್ನು ಕಸಿದುಕೊಳ್ಳಿರೆಂದು ಆದೇಶಿಸಿರುವುದಿಲ್ಲ. ಆದರೂ ಅದು ಹೋಗುತ್ತದೆ. ಯಾರೂ ವಿಧಿಸದ ಈ ಶಿಕ್ಷೆಗೆ ಹೊಣೆ ಯಾರು?

ಸೆರೆಮನೆಯ ಕತ್ತಲೆ ಎಂತಹ ದೃಢಮನಸ್ಸನ್ನೂ ಅಲುಗಾಡಿಸಬಲ್ಲದು ಎಂಬುದನ್ನು ಶುಭಸಂದೇಶವೇ ನಮಗೆ ತೋರಿಸುತ್ತದೆ. ಸ್ನಾನಿಕ ಯೊವಾನ್ನರನ್ನು ನೆನೆಯಿರಿ. ಜೋರ್ಡನ್ ನದಿಯ ದಡದಲ್ಲಿ ನಿಂತು ಪ್ರಭುಯೇಸುವನ್ನು ಬೆರಳಿಟ್ಟು ತೋರಿಸಿದವರು ಅವರು. ಅರಸನ ಮುಖಕ್ಕೆ ಸತ್ಯವನ್ನು ನುಡಿಯಲು ಹಿಂಜರಿಯದವರು. ಅದೇ ಯೊವಾನ್ನರು ಹೆರೋದನ ಸೆರೆಯಲ್ಲಿದ್ದಾಗ ತಮ್ಮ ಶಿಷ್ಯರನ್ನು ಯೇಸುವಿನ ಬಳಿ ಕಳುಹಿಸಿ, ಬರಬೇಕಾದವರು ನೀವೇ ಹೌದೋ ಅಥವಾ ನಾವು ಬೇರೊಬ್ಬರಿಗಾಗಿ ಎದುರುನೋಡಬೇಕೋ ಎಂದು ಕೇಳಿಸಿದರು. ಶಿಷ್ಯರಿಗೆ ತಿಳಿಯಲೆಂದೇ ಅವರು ಹೀಗೆ ಕೇಳಿಸಿದರೆಂದು ಅನೇಕ ವ್ಯಾಖ್ಯಾನಕಾರರು ಹೇಳಿದ್ದಾರೆ. ಸೆಮಿನರಿಯಲ್ಲಿ ನಾನೂ ಹಾಗೆಯೇ ಓದಿದೆ. ಜೈಲುಗಳಿಗೆ ಹೋಗಿಬರಲು ಆರಂಭಿಸಿದ ಮೇಲೆ ಆ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸತೊಡಗಿತು. ಬಯಲಲ್ಲಿ ನಿಶ್ಚಿತವಾಗಿದ್ದದ್ದು ನಾಲ್ಕು ಗೋಡೆಗಳ ನಡುವೆ ಸಂದೇಹವಾಗುತ್ತದೆ. ಇದು ವಿಶ್ವಾಸದ ಕೊರತೆಯಲ್ಲ, ಬಂಧನದಲ್ಲಿರುವ ಮನಸ್ಸಿನ ನೋವು. ಪ್ರಭುವು ಯೊವಾನ್ನರನ್ನು ಗದರಿಸಲಿಲ್ಲ ಎಂಬುದನ್ನು ಗಮನಿಸಿ. ಹೊರಗೆ ನಡೆಯುತ್ತಿರುವ ಸುದ್ದಿಯನ್ನು ಅವರಿಗೆ ತಲುಪಿಸಿರೆಂದರು. ಅನಂತರ ಜನರ ಮುಂದೆ ಅವರನ್ನು ಹೊಗಳಿದರು.

ಇಂದಿನ ಸೆರೆಮನೆಗಳತ್ತ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿಅಂಶಗಳಂತೆ ಆ ವರ್ಷದ ಕೊನೆಯಲ್ಲಿ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ನೂರು ಜನರಿಗಾಗಿ ಕಟ್ಟಿದ ಸ್ಥಳದಲ್ಲಿ ಸರಾಸರಿ 131 ಜನರಿದ್ದರು. ಅದಕ್ಕಿಂತಲೂ ನಮ್ಮನ್ನು ಯೋಚನೆಗೀಡುಮಾಡಬೇಕಾದ ಸಂಗತಿಯೆಂದರೆ, ಇವರಲ್ಲಿ ಶೇ. 75.8ರಷ್ಟು ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. 'ಮಾಡಿದ್ದನ್ನು ಉಣ್ಣಲಿ ಬಿಡಿ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮಾಡಿದ್ದಾರೆಯೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿರದ ಲಕ್ಷಾಂತರ ಜನರ ಕುರಿತು ನಾವು ಆ ಮಾತನ್ನು ಆಡುತ್ತಿರುತ್ತೇವೆ.

ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಸಂದರ್ಶಿಸಿ ಒಂದು ಅಧ್ಯಯನ ನಡೆಸಿದರು. ಅದರ ವರದಿ 2011ರಲ್ಲಿ ಪ್ರಕಟವಾಯಿತು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ವ್ಯಸನ, ಇವೆರಡರಲ್ಲಿ ಒಂದಾದರೂ ಇದ್ದವರ ಪ್ರಮಾಣ ಶೇ. 79.6. ವ್ಯಸನವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗಲೂ ಶೇ. 27.6ರಷ್ಟು ಮಂದಿಯಲ್ಲಿ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು. ನಾಲ್ಕು ಜನರ ಪೈಕಿ ಒಬ್ಬರಿಗಿಂತ ಹೆಚ್ಚು ಎಂದಾಯಿತು. ಇದು ಎಲ್ಲೋ ದೂರದ ನಾಡಿನ ಕಥೆಯಲ್ಲ. ನಮ್ಮದೇ ರಾಜಧಾನಿಯ ಸೆರೆಮನೆಯ ಚಿತ್ರ.

ಜೈಲು ಎಲ್ಲರನ್ನೂ ರೋಗಿಗಳನ್ನಾಗಿ ಮಾಡುತ್ತದೆ ಎಂದು ಇಷ್ಟರಿಂದಲೇ ತೀರ್ಮಾನಿಸುವುದು ಸರಿಯಲ್ಲ. ಕೆಲವರು ಒಳಗೆ ಹೋಗುವ ಮೊದಲೇ ಕಾಯಿಲೆಯಲ್ಲಿದ್ದವರು. ಕುಡಿತದ ಚಟ, ಚಿಕಿತ್ಸೆ ಕಾಣದ ಖಿನ್ನತೆ, ಬಾಲ್ಯದ ಹಿಂಸೆ, ಬಡತನ ಇವೆಲ್ಲ ಅವರನ್ನು ಆ ಬಾಗಿಲಿನವರೆಗೆ ತಂದು ಬಿಟ್ಟಿರುತ್ತವೆ. ಇನ್ನು ಕೆಲವರ ಮನಸ್ಸು ಒಳಗೆ ಹೋದ ಮೇಲೆ ಕುಸಿಯುತ್ತದೆ. ಬಂಧನವಾದ ಮೊದಲ ದಿನಗಳ ನಾಚಿಕೆ ಮತ್ತು ಭಯ, ಏಕಾಏಕಿ ನಿಂತುಹೋದ ಕುಡಿತದಿಂದ ಹುಟ್ಟುವ ನಡುಕ ಮತ್ತು ಭ್ರಮೆ, ಮನೆಯವರು ಭೇಟಿಗೆ ಬರುವುದನ್ನು ನಿಲ್ಲಿಸಿದಾಗಿನ ಒಂಟಿತನ ಇವು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಎಲ್ಲಕ್ಕಿಂತ ದೊಡ್ಡದು ಅನಿಶ್ಚಿತತೆ. ಶಿಕ್ಷೆಯಾದವನಿಗೆ ದಿನ ಎಣಿಸಲು ಒಂದು ಸಂಖ್ಯೆಯಾದರೂ ಇರುತ್ತದೆ. ವಿಚಾರಣಾಧೀನನಿಗೆ ಇರುವುದು ಮುಂದಿನ ವಾಯಿದೆ ಮಾತ್ರ. "ಪ್ರತಿ ಸಲ ಕೋರ್ಟಿಗೆ ಹೋಗುವಾಗ ಇವತ್ತು ಬಿಡ್ತಾರೆ ಅನ್ಕೊಂಡು ಬಟ್ಟೆ ಮಡಚಿಟ್ಟು ಹೋಗ್ತಿದ್ದೆ. ಸಂಜೆ ಬಂದು ಅದನ್ನೇ ಬಿಚ್ಚಿ ಹಾಸ್ಕೋತಿದ್ದೆ" ಎಂದು ಆತ ನನಗೆ ಹೇಳಿದ್ದ. ಆರು ವರ್ಷ ಹೀಗೆ ಮಡಚಿ ಬಿಚ್ಚಿದ ಮೇಲೆ ಆಸೆ ಎಂಬುದೇ ಒಂದು ಗಾಯವಾಗುತ್ತದೆ. ಕೊನೆಗೆ ಮನಸ್ಸು ಆಸೆಪಡುವುದನ್ನೇ ಬಿಟ್ಟುಬಿಡುತ್ತದೆ.

ಡೊನಾಲ್ಡ್ ಕ್ಲೆಮರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೆರೆಮನೆಯ ರೀತಿನೀತಿಗಳು ಬಂದಿಯ ಸ್ವಭಾವದೊಳಗೆ ಮೆಲ್ಲಮೆಲ್ಲನೆ ಇಳಿಯುವುದನ್ನು ವಿವರಿಸಿ ಅದಕ್ಕೊಂದು ಹೆಸರನ್ನೇ ಕೊಟ್ಟರು. ಯಾರನ್ನೂ ನಂಬಬಾರದು, ಅಳಬಾರದು, ತಾನಾಗಿ ಏನನ್ನೂ ಆರಂಭಿಸಬಾರದು ಎಂಬ ಪಾಠಗಳು ಒಳಗೆ ಜೀವ ಉಳಿಸುತ್ತವೆ. ಹೊರಗೆ ಬಂದಾಗ ಅವೇ ಪಾಠಗಳು ಮನುಷ್ಯನನ್ನು ಹೆಂಡತಿಗೂ ಮಕ್ಕಳಿಗೂ ಅಪರಿಚಿತನನ್ನಾಗಿ ಮಾಡುತ್ತವೆ. ತೆರೆದ ಬಾಗಿಲ ಮುಂದೆ ನಿಂತಿದ್ದವನು ಮಂಕನಾಗಿರಲಿಲ್ಲ. ಆರು ವರ್ಷ ಕಲಿತ ಪಾಠವನ್ನು ಮರೆಯಲಾರದವನಾಗಿದ್ದ.

ಈಗ ನೈತಿಕ ಪ್ರಶ್ನೆಗೆ ಬರೋಣ. ತಪ್ಪಿಗೆ ಶಿಕ್ಷೆ ಇರಬೇಕೆಂಬುದನ್ನು ಧರ್ಮಸಭೆ ಎಂದೂ ನಿರಾಕರಿಸಿಲ್ಲ. ಆದರೆ ಶಿಕ್ಷೆಯ ಗುರಿಯೇನು? ಈ ಲೋಕದ ಶಿಕ್ಷೆಗಳು ಮುಖ್ಯವಾಗಿ ಔಷಧಿಯಂತಿರಬೇಕು ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಕೊನೆಯ ತೀರ್ಪು ದೇವರದ್ದು. ನಮ್ಮ ತೀರ್ಪುಗಳು ಗುಣಪಡಿಸಲು ಇರುವಂಥವು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಶಿಕ್ಷೆಯ ಉದ್ದೇಶಗಳನ್ನು ಹೇಳುವಾಗ, ಅಪರಾಧದಿಂದ ಕೆಟ್ಟ ಸುವ್ಯವಸ್ಥೆಯನ್ನು ಸರಿಪಡಿಸುವುದು ಮತ್ತು ಜನರನ್ನು ಕಾಪಾಡುವುದರ ಜೊತೆಗೆ, ಸಾಧ್ಯವಾದಷ್ಟೂ ಅಪರಾಧಿಯನ್ನು ತಿದ್ದುವುದನ್ನೂ ಸೇರಿಸುತ್ತದೆ. ಔಷಧಿಯು ಕಹಿಯಾಗಿರಬಹುದು. ಆದರೆ ರೋಗಿಯ ಬುದ್ಧಿಯನ್ನೇ ಕೆಡಿಸುವುದನ್ನು ಯಾರೂ ಔಷಧಿ ಎನ್ನುವುದಿಲ್ಲ.

ನಮ್ಮ ದೇಶದ ನ್ಯಾಯಾಲಯಗಳಿಗೂ ಈ ವಿವೇಕ ಹೊಸದೇನಲ್ಲ. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ಇಂದು ಸ್ವಾತಂತ್ರ್ಯ ಉದ್ಯಾನವಾಗಿರುವುದನ್ನು ನೀವು ನೋಡಿರಬಹುದು. ಬೆಂಗಳೂರಿನ ಜೈಲಿನಿಂದ ಕೈದಿಯೊಬ್ಬ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದ. ಆ ಪತ್ರವೇ ಅರ್ಜಿಯಾಗಿ, ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಹೆಸರಿನಲ್ಲಿ 1997ರ ಕಾನೂನು ವರದಿಗಳಲ್ಲಿ ದಾಖಲಾದ ತೀರ್ಪಿಗೆ ಕಾರಣವಾಯಿತು. ಕಾರಾಗೃಹಗಳ ಒಂಬತ್ತು ದೊಡ್ಡ ಸಮಸ್ಯೆಗಳನ್ನು ಆ ತೀರ್ಪು ಪಟ್ಟಿ ಮಾಡಿತು. ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಆರೋಗ್ಯದ ಕಡೆಗಣನೆ, ಮನೆಯವರೊಂದಿಗೆ ಸಂಪರ್ಕದ ಕೊರತೆ ಇವೆಲ್ಲ ಆ ಪಟ್ಟಿಯಲ್ಲಿವೆ. ಮನಸ್ಸಿನ ಕಾಯಿಲೆಯ ಬೇರುಗಳನ್ನು ಹುಡುಕುವವರಿಗೂ ಇದೇ ಪಟ್ಟಿ ಸಾಕಾಗುತ್ತದೆ.

ಅಸ್ಸಾಮಿನ ಮಚಲ್ ಲಾಲುಂಗ್ ಎಂಬ ಬುಡಕಟ್ಟಿನ ಮನುಷ್ಯನ ಕಥೆಯನ್ನು ಪತ್ರಿಕೆಗಳಲ್ಲಿ ಓದಿದ ನೆನಪು ಕೆಲವರಿಗಾದರೂ ಇರಬಹುದು. 1951ರಲ್ಲಿ ಬಂಧಿತನಾದ ಆತನನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. ಆತ ಗುಣಮುಖನಾಗಿದ್ದಾನೆಂದು 1967ರಲ್ಲಿ ವೈದ್ಯರು ತಿಳಿಸಿದರು. ಆದರೆ ಮನೆಗೆ ಹೋಗಬೇಕಾಗಿದ್ದವನು ಗುವಾಹಟಿಯ ಜೈಲಿಗೆ ಹೋದ. ಅಲ್ಲಿ ಎಲ್ಲರೂ ಅವನನ್ನು ಮರೆತರು. 2005ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪ್ರಯತ್ನದಿಂದ ಬಿಡುಗಡೆಯಾದಾಗ 54 ವರ್ಷಗಳು ಕಳೆದಿದ್ದವು. ವಿಚಾರಣೆ ನಡೆದಿರಲೇ ಇಲ್ಲ. 2007ರಲ್ಲಿ ಆತ ತೀರಿಕೊಂಡ. ಈ ಕಥೆಯಲ್ಲಿ ಒಬ್ಬ ಕ್ರೂರಿಯನ್ನು ಹುಡುಕಿದರೆ ನಮಗೆ ಯಾರೂ ಸಿಗಲಾರರು. ಒಂದು ಕಡತ ಒಂದು ಮೇಜಿನ ಮೇಲೆ ಉಳಿಯಿತು, ಅಷ್ಟೇ. ಪಾಪನಿವೇದನೆಯಲ್ಲಿ ನಾವು ಮಾಡಿದ್ದನ್ನು ಮಾತ್ರವಲ್ಲದೆ, ಮಾಡದೆ ಬಿಟ್ಟದ್ದನ್ನೂ ಅರಿಕೆ ಮಾಡಿಕೊಳ್ಳಬೇಕೆಂದು ಧರ್ಮಸಭೆ ಕಲಿಸುವುದು ಇದಕ್ಕಾಗಿಯೇ.

ಇವನು ನಿರಪರಾಧಿ, ಹಾಗಾಗಿ ನಮಗೆ ಕನಿಕರ ಹುಟ್ಟುತ್ತದೆ ಎಂದು ನೀವು ಹೇಳಬಹುದು. ಹಾಗಾದರೆ ಕಷ್ಟದ ಪ್ರಕರಣವನ್ನೇ ತೆಗೆದುಕೊಳ್ಳೋಣ. ಅತ್ಯಾಚಾರ ಮತ್ತು ಕೊಲೆಗಾಗಿ ಮರಣದಂಡನೆಗೆ ಗುರಿಯಾದ ಒಬ್ಬ ಕೈದಿಯನ್ನು ಬೆಳಗಾವಿಯ ಜೈಲಿನಲ್ಲಿ ಸುಮಾರು ಹತ್ತು ವರ್ಷ ಏಕಾಂತ ಸೆರೆಯಲ್ಲಿ ಇರಿಸಲಾಗಿತ್ತು. 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ಏಕಾಂತ ಸೆರೆ ಕಾನೂನಿಗೆ ವಿರುದ್ಧವಾದದ್ದೆಂದೂ ಅದರಿಂದ ಆತನ ಸ್ವಾಸ್ಥ್ಯದ ಮೇಲೆ ದುಷ್ಪರಿಣಾಮವಾಗಿದೆಯೆಂದೂ ಪರಿಗಣಿಸಿ, ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಜೀವಾವಧಿ ಶಿಕ್ಷೆಗೆ ಇಳಿಸಿತು. ಅವನ ಅಪರಾಧ ಚಿಕ್ಕದೆಂದು ನ್ಯಾಯಾಲಯ ಹೇಳಲಿಲ್ಲ. ಅಪರಾಧ ಎಷ್ಟೇ ಘೋರವಾಗಿದ್ದರೂ ಕಾನೂನು ವಿಧಿಸದ ಶಿಕ್ಷೆಯನ್ನು ಸೇರಿಸುವ ಅಧಿಕಾರ ಯಾರಿಗೂ ಇಲ್ಲ ಎಂಬ ತತ್ತ್ವ ಅಲ್ಲಿದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಮಂಡೇಲಾ ನಿಯಮಗಳೂ 15 ದಿನಗಳಿಗಿಂತ ಹೆಚ್ಚಿನ ನಿರಂತರ ಏಕಾಂತ ಸೆರೆಯನ್ನು ನಿಷೇಧಿಸುತ್ತವೆ.

ಇಲ್ಲಿ ಒಬ್ಬ ತಾಯಿಯ ಮಾತನ್ನು ನಾನು ಮರೆಮಾಚುವಂತಿಲ್ಲ. ಆಕೆಯ ಮಗ ಒಂದು ಜಗಳದಲ್ಲಿ ಕೊಲೆಯಾದ. ಅವನ ಸಮಾಧಿ ಸಂಸ್ಕಾರ ಮಾಡಿದವನು ನಾನೇ. ನಾನು ಜೈಲಿಗೆ ಹೋಗಿಬರುವ ಸಂಗತಿ ತಿಳಿದು ಆಕೆ ಒಂದು ದಿನ ಕೇಳಿದರು: "ಕೊಂದವರ ಮನಸ್ಸು ನೋಯ್ತದೆ ಅಂತ ಅಲ್ಲೀಗಂಟ ಹೋಗ್ತೀರಿ ಸ್ವಾಮಿ. ನಾನು ನಾಲ್ಕು ವರ್ಷದಿಂದ ನಿದ್ದೆ ಮಾಡಿಲ್ಲ. ನನ್ನ ಮನಸ್ಸು ಯಾರಿಗೆ ಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಆಕೆಯ ದೂರು ನ್ಯಾಯವಾಗಿತ್ತು. ನಲವತ್ತನೆಯ ದಿನದ ಪೂಜೆಯ ಅನಂತರ ನಾನು ಆ ಮನೆಯ ಹೊಸಿಲು ತುಳಿದಿರಲಿಲ್ಲ.

ಆ ಮಾತಿನ ಕುರಿತು ಬಹಳ ಯೋಚಿಸಿದ್ದೇನೆ. ನನಗೆ ತೋಚಿದ್ದು ಇಷ್ಟು. ನೊಂದವರ ಕಡೆಗಣನೆಗೆ ಪರಿಹಾರವೆಂದರೆ ನೊಂದವರ ಮನೆಗೆ ಹೋಗುವುದೇ ಹೊರತು ಸೆರೆಮನೆಯಿಂದ ದೂರವಿರುವುದಲ್ಲ. ಕನಿಕರವು ಕಣಜದ ಭತ್ತದಂತೆ ಒಬ್ಬರಿಗೆ ಅಳೆದರೆ ಇನ್ನೊಬ್ಬರಿಗೆ ಕಡಿಮೆಯಾಗುವಂಥದ್ದಲ್ಲ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ತಾಯಿಗೆ ಸಲ್ಲಬೇಕಾದ ನ್ಯಾಯದಲ್ಲಿ, ಕೊಂದವನು ತಾನು ಮಾಡಿದ್ದೇನೆಂಬುದನ್ನು ಅರಿಯುವುದೂ ಸೇರಿದೆ. ಮಾರಕ ಪಾಪವಾಗಬೇಕಾದರೆ ಪೂರ್ಣ ಅರಿವು ಮತ್ತು ಪೂರ್ಣ ಸಮ್ಮತಿ ಇರಬೇಕೆಂದು ನಾವು ಧರ್ಮೋಪದೇಶದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಪಶ್ಚಾತ್ತಾಪಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ಒಡೆದುಹೋದ ಮನಸ್ಸು ಪಶ್ಚಾತ್ತಾಪಪಡಲಾರದು. ಭಯಪಡಬಹುದು, ಮರೆಯಬಹುದು, ಕಲ್ಲಾಗಬಹುದು. ಅಪರಾಧಿಯ ಬುದ್ಧಿಯನ್ನು ಹಾಳುಗೆಡವಿದಾಗ, ಆ ತಾಯಿಗೆ ಉತ್ತರ ಹೇಳಬೇಕಾಗಿದ್ದ ಒಬ್ಬನೇ ಒಬ್ಬನನ್ನು ನಾವು ಇಲ್ಲವಾಗಿಸುತ್ತೇವೆ. ಆದ್ದರಿಂದ ಬಂದಿಯ ಮನಸ್ಸಿನ ಆರೈಕೆಯು ನ್ಯಾಯಕ್ಕೆ ಎದುರಾಗಿ ನಿಲ್ಲುವ ದಯೆಯಲ್ಲ, ನ್ಯಾಯ ನಡೆಯಲು ಬೇಕಾದ ಮೊದಲ ಅಗತ್ಯ.

ಬಿಡುಗಡೆಯೊಂದಿಗೆ ಎಲ್ಲವೂ ಮುಗಿಯುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅತ್ಯಂತ ಅಪಾಯದ ದಿನಗಳು ಆಗಲೇ ಆರಂಭವಾಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಕೈದಿಗಳ ಕುರಿತು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರಲ್ಲಿ ಸಾವಿನ ಸಂಭವ ಆ ರಾಜ್ಯದ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚಾಗಿತ್ತು. ಮಾದಕ ವಸ್ತುಗಳ ಅತಿಸೇವನೆ ಅದಕ್ಕೆ ಮುಖ್ಯ ಕಾರಣವಾಗಿತ್ತು. ನಮ್ಮ ನಾಡಿನ ಪರಿಸ್ಥಿತಿ ಬೇರೆಯೇ ಇರಬಹುದು. ಆದರೂ ಗೋಡೆಯ ಹೊರಗೆ ಕಾಲಿಟ್ಟ ಕ್ಷಣದಲ್ಲಿ ಮನುಷ್ಯ ಎಷ್ಟು ದುರ್ಬಲನಾಗಿರುತ್ತಾನೆಂಬುದಕ್ಕೆ ಅದು ಸಾಕ್ಷಿ. ಒಳಗೆ ಸಿಗುತ್ತಿದ್ದ ಮಾತ್ರೆ ಹೊರಗೆ ಸಿಗುವುದಿಲ್ಲ. ಮಕ್ಕಳು ಬೆಳೆದಿರುತ್ತಾರೆ, ಜಮೀನು ವಕೀಲರ ಖರ್ಚಿಗೆ ಹೋಗಿರುತ್ತದೆ, ಹಿಂದಿನ ಕೆಲಸ ಇನ್ನೊಬ್ಬರ ಪಾಲಾಗಿರುತ್ತದೆ. ಊರಿನವರು ನೋಡಿಯೂ ನೋಡದಂತೆ ಹೋಗುತ್ತಾರೆ.

ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಸಂಕೋಲೆಗಳಲ್ಲಿ ಬಾಳುತ್ತಿದ್ದವನ ವೃತ್ತಾಂತವನ್ನು ನಾವು ಬಲಿಪೂಜೆಯಲ್ಲಿ ಕೇಳುತ್ತೇವೆ. ಅವನು ಗುಣಹೊಂದಿ, ಬಟ್ಟೆ ತೊಟ್ಟು, ಸ್ವಸ್ಥಚಿತ್ತನಾಗಿ ಕುಳಿತದ್ದನ್ನು ಕಂಡಾಗ ಊರಿನವರು ಸಂತೋಷಪಡಲಿಲ್ಲ, ಹೆದರಿದರು. ಅವನು ಯೇಸುವಿನೊಂದಿಗೆ ಹೊರಟುಹೋಗಲು ಬೇಡಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ಪ್ರಭುವು ಅವನನ್ನು ದೋಣಿಗೆ ಹತ್ತಿಸಿಕೊಳ್ಳದೆ, ಮನೆಗೆ, ತನ್ನವರ ಬಳಿಗೆ ಕಳುಹಿಸಿದರು. ಅಂದರೆ ಆ ಅದ್ಭುತದ ಉಳಿದ ಅರ್ಧವನ್ನು ಆ ಊರಿನ ಮನೆಗಳಿಗೆ ಒಪ್ಪಿಸಿದರು. ಇಂದು ಆ ಊರು ನಮ್ಮ ಧರ್ಮಕೇಂದ್ರ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ಸಂಜೆ ಆತ ನನ್ನಲ್ಲಿಗೆ ಬಂದದ್ದು ಒಂದು ಕೋರಿಕೆಯೊಂದಿಗೆ. ಜೈಲಿಗೆ ಹೋಗುವ ಮೊದಲು ಆತ ವಿದ್ಯುತ್ ಕೆಲಸ ಮಾಡುತ್ತಿದ್ದ. ವರ್ಷವರ್ಷವೂ ಊರಹಬ್ಬದ ತೇರಿಗೆ ದೀಪಾಲಂಕಾರ ಮಾಡುತ್ತಿದ್ದವನು ಅವನೇ. "ಈ ವರ್ಷ ತೇರಿನ ಲೈಟಿನ ಕೆಲಸ ನಂಗೆ ಕೊಡ್ತೀರಾ ಫಾದರ್? ದುಡ್ಡು ಬೇಡ" ಎಂದು ಕೇಳಿದ. ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ವಿಷಯ ಪ್ರಸ್ತಾಪಿಸಿದೆ. ಬಿಡುಗಡೆಯಾಗಿದ್ದರೂ ಹೆಸರು ಕೆಟ್ಟಿದೆ, ಹಬ್ಬಕ್ಕೆ ಹೊರಗಿನವರೂ ಬರುತ್ತಾರೆ, ಜನ ಏನೆನ್ನುತ್ತಾರೆ ಎಂದು ಇಬ್ಬರು ಮೂವರು ಹಿಂಜರಿದರು. ನಾನು ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಅವರು ಒಪ್ಪುತ್ತಿದ್ದರು. ನಾನು ಆಡಲಿಲ್ಲ. ಅವನಿಗೆ, "ನೋಡೋಣಪ್ಪಾ, ಈ ಹಬ್ಬ ಕಳೆಯಲಿ" ಎಂದೆ. ಅವನು ತಲೆಯಾಡಿಸಿ ಹೋದ. ಆರು ವರ್ಷ ವಾಯಿದೆಗಳನ್ನೇ ಉಂಡವನಿಗೆ ನಾನು ಇನ್ನೊಂದು ವಾಯಿದೆ ಕೊಟ್ಟಿದ್ದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹಬ್ಬದ ಅನಂತರ ಅವನ ತಾಯಿ ಅಳುತ್ತಾ ಬಂದರು. ಮಗ ಊಟ ಬಿಟ್ಟಿದ್ದಾನೆ, ಗೋಡೆಗೆ ಮುಖ ಮಾಡಿ ಮಲಗುತ್ತಾನೆ, ಬದುಕಿ ಪ್ರಯೋಜನವಿಲ್ಲ ಎನ್ನುತ್ತಾನೆ ಎಂದರು. ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ತೀವ್ರ ಖಿನ್ನತೆ ಎಂದರು. ಮಾತ್ರೆ, ಆಪ್ತಸಮಾಲೋಚನೆ, ತಾಯಿಯ ತಾಳ್ಮೆ ಇವುಗಳಿಂದ ತಿಂಗಳುಗಳು ಕಳೆದಂತೆ ಆತ ಚೇತರಿಸಿಕೊಂಡ. ಮರುವರ್ಷ ತೇರಿನ ದೀಪಗಳನ್ನು ಅವನೇ ಕಟ್ಟಿದ. ಯಾರೂ ಏನೂ ಅನ್ನಲಿಲ್ಲ. ಆರು ವರ್ಷಗಳನ್ನು ಅವನಿಂದ ಕಿತ್ತುಕೊಂಡದ್ದು ವ್ಯವಸ್ಥೆ. ಏಳನೆಯ ವರ್ಷವನ್ನು ಕಿತ್ತುಕೊಂಡವನು ನಾನು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಮ್ಮ ಕುಟುಂಬಗಳ ಅಳವಿಗೆ ಮೀರಿದ್ದನ್ನು ನಾನು ಕೇಳುತ್ತಿಲ್ಲ.

ಮೊದಲನೆಯದಾಗಿ, ಒಳಗಿರುವವರನ್ನು ಮನೆಯವರು ಕೈಬಿಡದಿರಲಿ. ಆಗಸ್ಟ್ ತಿಂಗಳಲ್ಲಿ ಕಾರಾಗೃಹ ಸೇವೆಯ ಭಾನುವಾರದಂದು ನಾವು ಕಾಣಿಕೆ ಎತ್ತಿ, ಸೋಪು ಮತ್ತು ಟವೆಲು ಕೊಂಡುಕೊಟ್ಟು ತೃಪ್ತರಾಗುತ್ತೇವೆ. ಅದು ಒಳ್ಳೆಯದೇ. ಆದರೆ ಭೇಟಿಯ ದಿನ ಮುಖ ತೋರಿಸುವ ಒಬ್ಬ ಅಣ್ಣ, ಪತ್ರ ಬರೆಯುವ ಒಬ್ಬ ಮಗಳು ಕೊಡುವ ಬಲವನ್ನು ಯಾವ ಕಾಣಿಕೆಯೂ ಕೊಡಲಾರದು. ಬಸ್ಸಿನ ಖರ್ಚಿಗೆ ದುಡ್ಡಿಲ್ಲದೆ ಜೈಲಿಗೆ ಹೋಗದ ಹೆಂಡತಿಯರಿದ್ದಾರೆ. ನೆರೆಯವರು ಅಷ್ಟನ್ನು ಭರಿಸಬಹುದು.

ಎರಡನೆಯದಾಗಿ, ಕಾನೂನು ಕೊಟ್ಟಿರುವುದನ್ನು ತಿಳಿದಿರೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಇರಬೇಕೆಂದು ವಿಧಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಹಿಂದೆಂದೂ ಶಿಕ್ಷೆಗೊಳಗಾಗದ ವಿಚಾರಣಾಧೀನ ಬಂದಿಯು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹನಾಗುತ್ತಾನೆ. ಹಲವು ಪ್ರಕರಣಗಳು ಬಾಕಿ ಇರುವವರಿಗೆ ಈ ಸೌಲಭ್ಯ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಂದಿಗಳಿಗೆ ವಕೀಲರ ನೆರವು ಉಚಿತ. ಇದನ್ನು ತಿಳಿಯದ ಬಡ ಕುಟುಂಬಕ್ಕೆ ತಿಳಿಸುವುದೂ ಒಂದು ಕರುಣಾಕಾರ್ಯ.

ಮೂರನೆಯದಾಗಿ, ಮರಳಿ ಬಂದವರ ಮುಂದೆ ನಾವು ಹೇಗಿರಬೇಕು? ಒಳಗೆ ಏನು ನಡೆಯಿತೆಂದು ಕೆದಕಿ ಕೇಳದಿರೋಣ; ಅವರಾಗಿ ಹೇಳಿದರೆ ಕೇಳಿಸಿಕೊಳ್ಳೋಣ. ಏನು ಅಡುಗೆ ಮಾಡಲಿ, ಯಾವ ಪೂಜೆಗೆ ಹೋಗೋಣ ಎಂಬಂತಹ ಸಣ್ಣ ತೀರ್ಮಾನಗಳನ್ನು ಅವರಿಗೇ ಬಿಡೋಣ. ನಿದ್ರೆಯಿಲ್ಲದಿರುವುದು, ಬೆಚ್ಚಿಬೀಳುವುದು, ಸಿಟ್ಟು, ಮೌನ ಇವನ್ನು ಸೊಕ್ಕು ಎಂದೋ ಸೋಮಾರಿತನ ಎಂದೋ ಹೆಸರಿಸದಿರೋಣ. ಜೈಲಿನಲ್ಲಿ ಆರಂಭವಾದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಸಾಯುವ ಮಾತು ಬಂದರೆ ಅದನ್ನು ಹಗುರವಾಗಿ ಪರಿಗಣಿಸದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಪ್ರಾರ್ಥನೆ ಬೇಕು. ಆದರೆ ಪ್ರಾರ್ಥನೆ ಮಾಡಿಸಿದೆವೆಂದು ವೈದ್ಯರ ಬಳಿಗೆ ಹೋಗದಿರುವುದು ದೇವರನ್ನು ಪರೀಕ್ಷಿಸಿದಂತೆ.

ನಾಲ್ಕನೆಯದಾಗಿ, ಅವರಿಗೆ ಕೆಲಸ ಕೊಡೋಣ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಮತ್ತು ಅವರ ಸಂಕಲ್ಪ ತಂಡದವರು ಕರ್ನಾಟಕದ ಜೈಲುಗಳಲ್ಲಿ ಬಂದಿಗಳಿಂದಲೇ ನಾಟಕಗಳನ್ನು ಆಡಿಸಿದ್ದಾರೆ. ಸಜಾ ಕೈದಿಗಳು ಹೊರಗಿನ ರಂಗಮಂದಿರಗಳಿಗೂ ಬಂದು ಪ್ರೇಕ್ಷಕರ ಮುಂದೆ ಅಭಿನಯಿಸಿದ್ದಾರೆ. ಕೈದಿ ಎಂಬ ಒಂದೇ ಪಾತ್ರದಿಂದ ಹೊರಬಂದು ಬೇರೊಂದನ್ನು ವಹಿಸಲು ಅವರಿಗೊಂದು ವೇದಿಕೆ ದೊರೆಯಿತು. ನಮ್ಮ ಧರ್ಮಕೇಂದ್ರಗಳಲ್ಲಿ ರಂಗಮಂದಿರವಿಲ್ಲದಿರಬಹುದು. ತೇರು ಇದೆ, ಗಾಯನವೃಂದವಿದೆ, ತೋಟವಿದೆ, ವಿನ್ಸೆಂಟ್ ದೆ ಪಾವ್ಲ್ ಸಭೆಯಿದೆ.

ಕೊನೆಯದಾಗಿ, ಅವರ ಮಕ್ಕಳನ್ನು ಮರೆಯದಿರೋಣ. ತಂದೆ ಜೈಲಿನಲ್ಲಿರುವ ಮಗು ಧರ್ಮೋಪದೇಶದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತದೆ. ಅದು ಯಾವ ಅಪರಾಧವನ್ನೂ ಮಾಡಿಲ್ಲ. ಹಾಗೆಯೇ, ಯಾರೋ ಮಾಡಿದ ಅಪರಾಧದಿಂದ ಮಗನನ್ನು ಕಳೆದುಕೊಂಡ ತಾಯಿಯನ್ನೂ ಮರೆಯದಿರೋಣ. ನಾನೀಗ ವರ್ಗವಾಗಿ ಬೇರೆ ಊರಿನಲ್ಲಿದ್ದೇನೆ. ಆ ಕಡೆಗೆ ಹೋದಾಗಲೆಲ್ಲ ಆಕೆಯ ಮನೆಗೆ ಹೋಗಿ ಕುಳಿತು ಬರುತ್ತೇನೆ. ಆಕೆಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಆಕೆ ಮಗನ ಮಾತಾಡುತ್ತಾರೆ, ನಾನು ಕೇಳುತ್ತೇನೆ.

ಕಡೆಯ ದಿನದ ತೀರ್ಪನ್ನು ಕುರಿತು ಪ್ರಭುಯೇಸು ಮಾತನಾಡಿದಾಗ, ಸೆರೆಯಲ್ಲಿದ್ದ ತಮ್ಮನ್ನು ನೋಡಲು ಬಂದವರನ್ನು ಧನ್ಯರೆಂದು ಕರೆದರು. ಸೆರೆಯಲ್ಲಿದ್ದವನು ನಿರಪರಾಧಿಯಾಗಿರಬೇಕೆಂಬ ಷರತ್ತನ್ನು ಅವರು ಹಾಕಲಿಲ್ಲ. ಆ ಸೆರೆಮನೆಗೆ ಕಲ್ಲಿನ ಗೋಡೆಗಳೇ ಇರಬೇಕೆಂದೂ ಹೇಳಲಿಲ್ಲ. ಬಿಡುಗಡೆಯ ಪತ್ರ ಕೈಯಲ್ಲಿದ್ದೂ ಒಳಗೇ ಉಳಿದವರು ನಮ್ಮ ಬೀದಿಗಳಲ್ಲಿದ್ದಾರೆ.

ಕಳೆದ ಸಲ ಹಬ್ಬಕ್ಕೆ ಕರೆದಿದ್ದರು, ಹೋಗಿದ್ದೆ. ತೇರಿನ ದೀಪಗಳು ಚೆನ್ನಾಗಿದ್ದವು. ಪೂಜೆ ಮುಗಿದ ಮೇಲೆ ಆತ ನನ್ನನ್ನು ನೋಡಲು ಗುರುನಿವಾಸಕ್ಕೆ ಬಂದ. ಬಾಗಿಲು ತೆರೆದಿತ್ತು. ಅಭ್ಯಾಸದಂತೆ ಒಂದು ಕ್ಷಣ ಹೊಸಿಲ ಹೊರಗೆ ನಿಂತ. ನಾನೇ ಎದ್ದು ಹೋಗಿ, "ಬಾಪ್ಪಾ ಒಳಗೆ" ಎಂದು ಕರೆದೆ.